ಆ ಕನ್ನಡ ಕಥೆ ಹಾಕಿದವಳು ನಾನು

ಗಂಗಾ ಏನನ್ನೂ ಒತ್ತಿರಲಿಲ್ಲ. ನಮ್ಮ ಶಾಲೆಯ ಗ್ರಂಥಾಲಯದ ವೆಬ್‌ಸೈಟಿಗೆ ಆ ಕನ್ನಡ ಕಥೆಯನ್ನು ಹಾಕಿದವಳು ನಾನು. ಆ ಪುಟ್ಟ ಹುಡುಗಿಯ ಮೇಲೆ ತಪ್ಪು ಹೊರಿಸಿದವಳೂ ನಾನೇ.

ಸಾಂಗ್ಲಿ–ಮಿರಜ ರಸ್ತೆಯ ಹೊಲಗಳೆಲ್ಲ ಅಪಾರ್ಟ್‌ಮೆಂಟುಗಳಾಗುತ್ತಿದ್ದ ಕಾಲ. ವಿಶ್ರಾಮಬಾಗದಲ್ಲಿ ಇಂಗ್ಲಿಷ್ ಶಾಲೆಗಳು ಒಂದರ ಹಿಂದೊಂದು ತೆರೆದು, ನಮ್ಮ ಮರಾಠಿ ಪ್ರಾಥಮಿಕ ಶಾಲೆ ಬರಿದಾಗತೊಡಗಿತ್ತು. ನಾವೂ ಹಿಂದೆ ಬಿದ್ದಿಲ್ಲವೆಂದು ಪಾಲಕರಿಗೆ ತೋರಿಸಲು ಶಾಲೆಯ ಚೇರ್ಮನ್ನರಿಗೆ ಒಂದು ವೆಬ್‌ಸೈಟ್ ಬೇಕಿತ್ತು. ಗ್ರಂಥಾಲಯದ ಪುಟಗಳನ್ನು ಮಾಡುವ ಕೆಲಸ ಗ್ರಂಥಾಲಯ ನೋಡಿಕೊಳ್ಳುವ ಶಿಕ್ಷಕಿಯಾದ ನನ್ನ ಪಾಲಿಗೆ ಬಂತು. ಸಂಜೆ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಕಲಿತೆ. ಪ್ರತಿ ಪುಸ್ತಕದ ಮುಖಪುಟದ ಫೋಟೊ ಹಾಕಿದೆ, ದೊಡ್ಡ ಅಕ್ಷರ ಇಟ್ಟೆ. ಓದಲು ಬಾರದ ಮಗುವೂ ಚಿತ್ರ ಒತ್ತಿ ಒಳಗೆ ಹೋಗಬೇಕು — ಅಷ್ಟೇ ನನ್ನ ಆಸೆ.

ನಮ್ಮದು ಜೈನರ ಮನೆ, ಒಲೆಯ ಮುಂದಿನ ಮಾತೆಲ್ಲ ಕನ್ನಡ. ಶಾಲೆಯಲ್ಲಿ ಮಾತ್ರ ಅದು ಯಾರಿಗೂ ಗೊತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ ಕನ್ನಡವನ್ನು ‘ಕಾನಡಿ’ ಎಂದು ಆಡಿಕೊಂಡು ನಕ್ಕರೆ ನಾನೂ ಜೊತೆಗೆ ನಗುತ್ತಿದ್ದೆ.

ಗಂಗಾ ಶಾಲೆಯ ಎದುರಿನ ಕಟ್ಟಡದ ವಾಚ್‌ಮನ್ನನ ಮಗಳು. ಕುರಿ ಮಾರಿ ಗಡಿಯ ಹಳ್ಳಿಯಿಂದ ಬಂದವರು. ಗ್ರಂಥಾಲಯದ ತಾಸಿನಲ್ಲಿ ಪುಸ್ತಕ ತೆರೆಯದೆ ಕೂರುತ್ತಿದ್ದಳು. ಒಂದು ದಿನ ಯಾರೂ ಇಲ್ಲದಾಗ ಮೆಲ್ಲಗೆ ಕೇಳಿದೆ: “ಯಾಕವಾ, ಓದೂದಿಲ್ಲೇನು?”

ಕನ್ನಡ ಕೇಳಿ ಬೆಚ್ಚಿದಳು. ಆಮೇಲೆ ಅಂದಳು, “ನಮ್ಮ ಆಯಿ ಹೇಳೂ ಕಥಿ ಇದರಾಗ ಇಲ್ರಿ.”

ಆಯಿ ಎಂದರೆ ಅವಳ ಅಜ್ಜಿ. ಶನಿವಾರ ಶಾಲೆ ಬಿಟ್ಟ ಮೇಲೆ ಅವರನ್ನು ಕರೆಸಿ, ಕಥೆ ರೆಕಾರ್ಡ್ ಮಾಡಲು ಮೈಕಿನ ಮುಂದೆ ಕೂರಿಸಿದೆ. ಅವರ ಮಾತಿನಲ್ಲಿ ಟೀಚರೆಂದರೆ ‘ಬಾಯಾರು’. “ಇದರಾಗ ಹೇಳಿದ್ರ ಎಲ್ಲಾರಿಗೂ ಕೇಳಸ್ತೈತೇನ್ರಿ ಬಾಯಾರ?” ಎಂದು ಮೈಕಿನತ್ತ ಬಗ್ಗಿ ನಕ್ಕು, ತೋಳಕ್ಕೆ ಮಂಕುಬೂದಿ ಎರಚಿದ ಕುರಿಮರಿಯ ಕಥೆ ಹೇಳಿದರು. ಗಂಗಾ ಬರೆದ ಕುರಿಯ ಚಿತ್ರ ಒತ್ತಿದರೆ ಆ ದನಿ ಬರುವಂತೆ ಮಾಡಿದೆ.

ಮುಂದೆ ನಡೆದದ್ದನ್ನು ನಾನು ಎಣಿಸಿರಲಿಲ್ಲ. ಸಣ್ಣ ಬಿಡುವಿನಲ್ಲಿ ಮಕ್ಕಳು ಕಂಪ್ಯೂಟರಿಗೆ ಮುತ್ತಿಕೊಂಡರು. ಭಾಷೆ ತಿಳಿಯದವರಿಗೆ ಗಂಗಾ ಮರಾಠಿಯಲ್ಲಿ ಅರ್ಥ ಹೇಳತೊಡಗಿದಳು — ಬಾಯಿಯೇ ಬಿಡದಿದ್ದ ಹುಡುಗಿ! ಆ ಮಾತಿನ ಬೆನ್ನಿಗೇ ಓದೂ ಬಂತು…

ಚೇರ್ಮನ್ನರು ವೆಬ್‌ಸೈಟ್ ನೋಡಲು ಬಂದ ದಿನ ಮೊದಲು ಒತ್ತಿದ್ದು ಆ ಕುರಿಯನ್ನೇ. “ಒಂದೂರಾಗ ಒಂದ ಕುರಿಮರಿ ಇತ್ತು…” ಜೊತೆಗಿದ್ದವರು ನಕ್ಕರು. ಚೇರ್ಮನ್ನರು ನಗಲಿಲ್ಲ. ಈ ಕಾನಡಿಯನ್ನು ಯಾರು ಹಾಕಿದ್ದು ಎಂದು ಮರಾಠಿಯಲ್ಲಿ ಕೇಳಿದರು. ಮುಖ್ಯೋಪಾಧ್ಯಾಯಿನಿ ನನ್ನತ್ತ ನೋಡಿದರು.

ನಾನು — ಅವರಿಗಿಂತ ಶುದ್ಧ ಮರಾಠಿಯಲ್ಲಿ — ಅಂದೆ: “ಆ ಗಂಗಾ ಸದಾ ಇಲ್ಲೇ ಇರ್ತಾಳೆ ಸರ್. ಏನೋ ಒತ್ತಿರಬೇಕು.”

ಗಂಗಾ ಬಾಗಿಲಲ್ಲೇ ನಿಂತಿದ್ದಳು.

ಅಂದೇ ಆ ದನಿಯನ್ನು ಅಳಿಸಿದೆ. ಇನ್ನೊಂದು ಪ್ರತಿ ಇಟ್ಟುಕೊಳ್ಳಬಹುದಿತ್ತು, ಇಟ್ಟುಕೊಳ್ಳಲಿಲ್ಲ. ಗಂಗಾ ಕಂಪ್ಯೂಟರ್ ಮುಟ್ಟಬಾರದೆಂದು ತಾಕೀತಾಯಿತು. ಮರುದಿನ ಅಜ್ಜಿ ಬಂದು, ಮುಖ್ಯೋಪಾಧ್ಯಾಯಿನಿಯ ಎದುರಿಗೇ ನನಗೆ ಕೈ ಮುಗಿದರು: “ಬಾಯಾರ, ಹುಡುಗಿ ತಿಳೀದ ಏನೋ ಒತ್ತಿ ಕಂಪ್ಯೂಟರ ಕೆಡಿಸ್ಯಾಳ. ಸಿಟ್ಟ ಮಾಡಬ್ಯಾಡ್ರಿ.”

“ಠೀಕ ಆಹೆ. ಜಾ ತುಮ್ಹಿ,” ಅಂದೆ. ಆಗಲಿ, ನೀವು ಹೋಗಿ — ಅದೂ ಮರಾಠಿಯಲ್ಲಿ. ಅವರ ಕನ್ನಡ ನನಗೆ ತಿಳಿಯದೇ ಇದ್ದಂತೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಸಿಟ್ಟು ಇಳಿದಿಲ್ಲವೆಂದು ತಿಳಿದರೋ ಏನೋ — ಮತ್ತೊಮ್ಮೆ ಕೈ ಮುಗಿದು ಹೋದರು.

ಆಮೇಲೆ ಬೇರೆ ಶಾಲೆಯವರು ಬಂದು ನಮ್ಮ ವೆಬ್‌ಸೈಟ್ ಹೊಗಳಿದರು. ಗ್ರಂಥಾಲಯದ ಪುಟ ಹೇಗಿರಬೇಕೆಂದು ನನ್ನಿಂದ ಭಾಷಣ ಮಾಡಿಸಿದರು. ‘ಪ್ರತಿ ಮಗುವಿಗೂ ಇದು ನನ್ನದು ಅನ್ನಿಸಬೇಕು’ ಎಂದೆ. ಚಪ್ಪಾಳೆ ಬಿತ್ತು. ಗಂಗಾಳ ಮನೆಯವರು ಅಷ್ಟರಲ್ಲಿ ಇನ್ನೊಂದು ಕಟ್ಟಡದ ಕಾವಲಿಗೆ ಹೋಗಿಬಿಟ್ಟಿದ್ದರು.

ಈಗ ನಾನು ನಿವೃತ್ತಳು. ಮೊನ್ನೆ ಮಿರಜದ ಬಾಜಾರದಲ್ಲಿ ಮೆಂತ್ಯದ ಸೊಪ್ಪು ಆರಿಸುತ್ತಿದ್ದಾಗ ಒಬ್ಬ ಹೆಣ್ಣುಮಗಳು ಬಂದು ನನ್ನ ಕಾಲು ಮುಟ್ಟಿದಳು. ಗಂಗಾ! ಸೊಪ್ಪನ್ನು ಕೆಳಗಿಟ್ಟು ಅವಳನ್ನು ಎಬ್ಬಿಸಿದೆ. ಅಂದೆ, “ಗಂಗಾ, ಅವತ್ತ ನೀ ಏನೂ ಒತ್ತಿರಲಿಲ್ಲ. ಸುಳ್ಳ ಹೇಳಿದಾಕಿ ನಾನು.”

“ನನಗ ಗೊತ್ತೈತಲ್ರಿ ಬಾಯಾರ,” ಅಂದಳು. ದನಿಯಲ್ಲಿ ಮುನಿಸಿರಲಿಲ್ಲ. “ಆಯಿಗೂ ಹೇಳಿದ್ನಿ. ಆಕಿ ನಂಬಲಿಲ್ಲ. ‘ಬಾಯಾರು ಸುಳ್ಳ ಹೇಳ್ತಾರೇನು?’ ಅಂತ ನನ್ನ ಬೈದ್ಲು.”

ಇಷ್ಟು ವರ್ಷ ಆ ಮುದುಕಿ ಮೊಮ್ಮಗಳನ್ನು ಬಿಟ್ಟು ನನ್ನನ್ನು ನಂಬಿದ್ದರು.

ಅವರು ಇದ್ದಾರೆಯೇ ಎಂದು ನಾನು ಕೇಳುವ ಮೊದಲೇ ಅವಳೇ ಹೇಳಿದಳು: “ಊರಾಗ ಅದಾಳ್ರಿ. ಕಿವಿ ಹೋಗ್ಯಾವು. ಏನ ಹೇಳಬೇಕಂದ್ರೂ ಓಣಿಗೆಲ್ಲಾ ಕೇಳೂವಂಗ ಒದರಬೇಕು.”

ಐತವಾರ ಆ ಊರಿಗೆ ಹೊರಟಿದ್ದೇನೆ. ಓಣಿಗೆಲ್ಲ ಕೇಳಲಿ. ಕನ್ನಡದಲ್ಲೇ ಒದರುತ್ತೇನೆ.