ಗುಳ್ಳೆ ನೀರಿನಲ್ಲಿ ಬೇಯದ ಬೇಳೆ

ಅಥವಾ ನಮ್ಮ ಬಾವಿಯ ನೀರು ಸವಳೇ ಇರಲಿಲ್ಲವೇನೋ. ಹೂವಿನ ಹಿಪ್ಪರಗಿಯ ನಮ್ಮ ಹಿತ್ತಲ ಬಾವಿ ಎಂದರೆ ನಾಲಿಗೆಯ ಅಂಚಿಗೆ ತುಸು ಉಪ್ಪು, ನುಂಗಿದ ಮೇಲೆ ಸುಣ್ಣದ ಒಗರು ಎಂದು ನಂಬಿದ್ದೇನೆ. ಆದರೆ ಈ ನಂಬಿಕೆ ಹುಟ್ಟಿದ್ದು ಅಲ್ಲಿ ಅಲ್ಲ, ಇಲ್ಲಿ, ಜರ್ಮನಿಯ ಒಂದು ಅಡುಗೆಮನೆಯಲ್ಲಿ.

ನಾನು ನರ್ಸ್ ಕೆಲಸಕ್ಕೆ ಬಂದ ದಿನ, ಕೋಣೆ ಬಾಡಿಗೆ ಕೊಟ್ಟ ಹೆಲ್ಗಾ ಎಂಬ ಅಜ್ಜಿ ಗ್ಲಾಸು ಮುಂದಿಟ್ಟರು. ಕುಡಿದರೆ ನೀರು ಬಾಯಿ ಕಚ್ಚಿತು. "ಸ್ಪ್ರೂಡೆಲ್" ಎಂದರು. ನೆಲದ ಸೆಲೆಯಿಂದ ಬಂದ, ಗುಳ್ಳೆಯೇಳುವ ನೀರಿಗೆ ಇಲ್ಲಿ ಹಾಗೆನ್ನುತ್ತಾರೆ. ನಮ್ಮಲ್ಲಿ ಸೋಡಾ ಕುಡಿಯುವುದು ಹೊಟ್ಟೆ ಉಬ್ಬರಿಸಿದಾಗ, ಇವರು ಬಾಯಾರಿದಾಗ.

ತಪ್ಪು ಮಾಡಿದ್ದು ಬಂದು ವರ್ಷ ತುಂಬಿದ ಮೇಲಿನ ಮೊದಲ ರವಿವಾರ. ನಮ್ಮ ಕಡೆ ಬೀಗರು ಬಂದರೆ ಬೇಳೆ ಮೆತ್ತಗಾಗಲೆಂದು ಫಿಲ್ಟರ್ ನೀರಿನ ಕ್ಯಾನು ತರಿಸುತ್ತೇವೆ, ಅದನ್ನೇ ಮಿನರಲ್ ನೀರು ಅನ್ನುತ್ತೇವೆ. ಹೆಲ್ಗಾರಿಗೆ ಉಣಬಡಿಸುವ ಹುಮ್ಮಸ್ಸಿನಲ್ಲಿ ನಾನು ನಲ್ಲಿಯನ್ನು ಬಿಟ್ಟು ಮಿನರಲ್ ಎಂದು ಬರೆದ ಸ್ಪ್ರೂಡೆಲ್ ಬಾಟಲಿಯನ್ನೇ ತೊಗರಿಬೇಳೆಗೆ ಸುರಿದೆ. ಎರಡು ತಾಸು ಕುದಿಸಿದರೂ ಬೇಳೆ ಕರಗಲಿಲ್ಲ. ಪಾತ್ರೆಗೆ ಬಿಳಿ ಪೊರೆ ಕಟ್ಟಿತು. ನಮ್ಮ ಬಚ್ಚಲಿನ ಹಂಡೆಯೊಳಗೂ ಇಂಥದೇ ಪೊರೆ ಇತ್ತು. ಆಮೇಲೆ ಬಾಟಲಿಯ ಚೀಟಿ ಓದಿದೆ: ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಬೈಕಾರ್ಬೊನೇಟ್. ನಾವು ಮಶೀನು ಹಾಕಿ ತೆಗೆಸುವುದನ್ನು ಇಲ್ಲಿ ಹೆಮ್ಮೆಯಿಂದ ಅಚ್ಚು ಹಾಕಿದ್ದಾರೆ.

"ನನ್ನವು ಕಟ್ಟಿಸಿದ ಹಲ್ಲು. ಮುರಿದರೂ ನೋಯುವುದಿಲ್ಲ, ಬಡಿಸು" ಎಂದರು ಹೆಲ್ಗಾ.

ಮರುದಿನ ಬಾಟಲಿಯಲ್ಲಿ ಉಳಿದ ನೀರಿನ ಗುಳ್ಳೆ ಇಳಿದಿತ್ತು. ಕುಡಿದೆ. ಮನೆಯ ಬಾವಿ! ಹಗ್ಗ, ಅವ್ವನ ಒದ್ದೆ ಸೆರಗು, ಎಲ್ಲ ಬಂತು. ಇಷ್ಟು ಸಲೀಸಾಗಿ ಬಂದದ್ದಕ್ಕೇ ಅನುಮಾನವಾಗಿ ಅಣ್ಣನಿಗೆ ಫೋನು ಹಚ್ಚಿದೆ.

"ಅಣ್ಣಾ, ನಮ್ಮ ಬಾವಿ ನೀರು ಸವಳ ಇತ್ತಲ್ಲ?"

"ಯಾರ ಹೇಳ್ಯಾರ? ಸವಳ ಇದ್ದದ್ದು ಬೋರಿನ ನೀರು, ಹಂಡೇಕ ಹಾಕೋದು. ಬಾವಿದು ಸಿಹಿ ಇತ್ತ. ಅವ್ವ ಅದರಾಗ ಬ್ಯಾಳಿ ಹಾಕಿದ್ರ ಬೆಣ್ಣಿ ಆದಂಗ ಆಗ್ತಿತ್ತ."

"ಮತ್ತ ನಾ ಯಾಕ ಕುಡೀತಿದ್ದಿಲ್ಲ?"

"ನಿನ್ನ ಸೊಕ್ಕ! ನರ್ಸಿಂಗ್ ಕಲಿಯಾಕ ಹ್ವಾದ ಮ್ಯಾಲ ನಿನಗ ಎಲ್ಲಾ ನೀರಾಗೂ ಹುಳ ಕಾಣಾಕತ್ತಿದ್ವು."

"ಈಗ ಒಂದ್ ಗ್ಲಾಸ್ ಸೇದಿ, ಕುಡದ ಹೇಳು."

"ಎಲ್ಲಿದ ಸೇದಲಿ? ಅವ್ವ ಹ್ವಾದ ಮ್ಯಾಲ ಮಣ್ಣ ಹಾಕಿ ಮುಚ್ಚಿಸಿದ್ವಿ. ಈಗ ಅಲ್ಲಿ ನಿಮ್ಮ ವೈನಿ ಅರಬಿ ಒಗದ ಒಣಹಾಕ್ತಾಳ."

ನಾನು ಫೋನು ಮಾಡಿದ ಕಾರಣ ಅವನಿಗೆ ಹೇಳಲಿಲ್ಲ. ಊರು ಬಿಟ್ಟ ದಿನ ಅವ್ವ ಆ ಬಾವಿಯ ನೀರನ್ನು ಬಾಟಲಿಗೆ ತುಂಬಿಸಿ ಕೊಟ್ಟಿದ್ದಳು. "ದೂರದ ದಾರಿ, ಗಂಟಲ ಒಣಗಬಾರ್ದವಾ" ಅಂದಿದ್ದಳು. ಆಲಮಟ್ಟಿ ಸ್ಟೇಷನ್ನಿನಲ್ಲಿ ಅದನ್ನು ಹಳಿಯ ಮೇಲೆ ಸುರಿದು ಅಂಗಡಿಯ ಬಾಟಲಿ ಕೊಂಡೆ. ಸವಳೆಂದು ಸುರಿದೆ, ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ನಾಲ್ಕು ತಿಂಗಳಿಗೆ ಅವ್ವ ತೀರಿಕೊಂಡಳು. ಇಲ್ಲಿಂದ ಮಣ್ಣಿಗೆ ಹೋಗಲಾಗಲಿಲ್ಲ.

ಈಗ ಊರಿಗೆ ಹೋದರೆ ಕ್ಯಾನಿನ ನೀರು ಸಪ್ಪೆ ಎನ್ನುತ್ತೇನೆ. ಇಲ್ಲಿ ಬಾಟಲಿ ತೆರೆದಿಟ್ಟು ಗುಳ್ಳೆ ಇಳಿಯಲು ಕಾಯುತ್ತೇನೆ. ಹೆಲ್ಗಾ ನಗುತ್ತಾರೆ.

ಅವ್ವನ ಬಾಟಲಿಯ ಮುಚ್ಚಳ ತಿರುವಿದ್ದು ನೆನಪಿದೆ. ಸುರಿಯುವ ಮುನ್ನ ಒಂದು ಗುಟುಕಾದರೂ ಕುಡಿದೆನೋ ಇಲ್ಲವೋ, ಗೊತ್ತಿಲ್ಲ.