ನಂತೂರಿನಲ್ಲಿ ತಪ್ಪಿಹೋದ ಸತು

ಟ್ಯೂಷನ್ನಿಗೆ ಹೋಗುವವಳು ನಾನಲ್ಲ ಎಂದು ಹತ್ತನೇ ತರಗತಿಯಲ್ಲಿ ಹಟ ಹಿಡಿದಿದ್ದೆ. ನನ್ನಷ್ಟಕ್ಕೇ ಓದಿ ಡಾಕ್ಟರಾಗುತ್ತೇನೆ ಎಂದು ಮನೆಯಲ್ಲಿ ಸಾರಿಬಿಟ್ಟೆ. ಅಮ್ಮ ನರ್ಸ್. ಡಾಕ್ಟರುಗಳನ್ನು ದಿನಾ ಕಾಣುವವಳು, ಅಷ್ಟೇನೂ ಬೆರಗಾಗಲಿಲ್ಲ.

“ಓದು. ಆದ್ರೆ ಪ್ರಿಪರೇಟರಿಯಲ್ಲಿ ವಿಜ್ಞಾನಕ್ಕೆ ಎಂಬತ್ತು ಬರ್ಬೇಕು. ಒಂದು ಕಮ್ಮಿಯಾದ್ರೂ ಮಾವ್ಶಿಯ ಹತ್ರ ಟ್ಯೂಷನ್.”

ಮಾವ್ಶಿ ಎಂದರೆ ಅಮ್ಮನ ಅಕ್ಕ, ನಿವೃತ್ತ ಟೀಚರ್. ನಂತೂರಿನಲ್ಲಿ ಮನೆ. ಪುಸ್ತಕ ಬಿಡಿಸುವ ಮೊದಲು ಮಕ್ಕಳ ಉಗುರು ನೋಡುವವರು. ನನಗೆ ಅವರೆಂದರೆ ನಡುಕ.

ವಾಮಂಜೂರಿನಿಂದ ಪೇಟೆಯ ಶಾಲೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಲೋಹಗಳ ಕ್ರಿಯಾಶೀಲತೆಯ ಸರಣಿ ಎಷ್ಟು ಓದಿದರೂ ತಲೆಯಲ್ಲಿ ನಿಲ್ಲದಾದಾಗ ಒಂದು ಉಪಾಯ ಮಾಡಿದೆ: ಸ್ಟಾಪಿಗೊಂದು ಲೋಹ. ವಾಮಂಜೂರಿಗೆ ಪೊಟ್ಯಾಸಿಯಂ, ಕುಡುಪಿಗೆ ಸೋಡಿಯಂ, ಹೀಗೇ ಮುಂದುವರಿದು ಕುಲಶೇಖರಕ್ಕೆ ಅಲ್ಯೂಮಿನಿಯಂ, ನಂತೂರಿಗೆ ಸತು, ನಾನು ಇಳಿಯುವ ಸ್ಟೇಟ್‌ಬ್ಯಾಂಕಿಗೆ ಚಿನ್ನ. ಕಂಡಕ್ಟರ್ ಸ್ಟಾಪಿನ ಹೆಸರು ಕೂಗಿದ ಕೂಡಲೇ ನಾನು ಲೋಹದ ಹೆಸರು ಗೊಣಗುತ್ತಿದ್ದೆ.

“ಎಂತ ಮಾರಾಯ್ತಿ, ದಿನಾ ಜಪ?” ಎಂದು ಅವರು ಕೇಳಿದ್ದೂ ಉಂಟು.

ಪ್ರಿಪರೇಟರಿಯಲ್ಲಿ ಅದೇ ಪ್ರಶ್ನೆ ಬಂತು. ಖುಷಿಯಿಂದ ಮನಸ್ಸಿನಲ್ಲೇ ಬಸ್ಸು ಹತ್ತಿ, ಬರೆಯುತ್ತಾ ಸ್ಟೇಟ್‌ಬ್ಯಾಂಕಿನಲ್ಲಿ ಇಳಿದೆ. ಸಿಕ್ಕಿದ್ದು ಎಪ್ಪತ್ತೊಂಬತ್ತು. ಉತ್ತರಪತ್ರಿಕೆಯಲ್ಲಿ ಸತುವೇ ಇರಲಿಲ್ಲ.

“ಕುಲಶೇಖರ ದಾಟಿದ್ರೆ ಬ್ಲಾಕ್ ಇರ್ತದಮ್ಮ, ಬಸ್ಸು ನಿಂತೇ ಇರ್ತದೆ. ಅಲ್ಲಿ ನನಗೆ ನಿದ್ದೆ ಬರ್ತದೆ,” ಎಂದು ಒಪ್ಪಿಕೊಂಡೆ.

ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ಮಾತು ಮಾತೇ. ಮರುದಿನ ಟ್ಯೂಷನ್ನಿಗೆಂದು ಬೇಗ ಹೊರಟ ನಾನು ಕಣ್ಣು ಬಿಟ್ಟದ್ದು ಸ್ಟೇಟ್‌ಬ್ಯಾಂಕಿನಲ್ಲಿ. ಇನ್ನೊಂದು ಬಸ್ಸು ಹಿಡಿದು ಹಿಂದೆ ಬಂದು, ಅಳುತ್ತಲೇ ಮಾವ್ಶಿಗೆ ಎಲ್ಲ ಹೇಳಿದೆ. ಅವರು ಉಗುರು ನೋಡುವುದನ್ನೂ ಮರೆತು ಕೇಳಿಸಿಕೊಂಡರು.

“ನಿನ್ನ ಕ್ರಮ ಒಳ್ಳೆದುಂಟು. ಬಿಡ್ಬೇಡ. ನಿನಗೆ ಬೇಕಾದ್ದು ಟ್ಯೂಷನ್ ಅಲ್ಲ, ಎಬ್ಬಿಸುವವರು,” ಎಂದರು.

ಗೆದ್ದೆ ಅಂದುಕೊಂಡೆ. ಮಾರನೇ ಬೆಳಿಗ್ಗೆ ನಂತೂರಿನಲ್ಲಿ ಬಸ್ಸು ನಿಂತಿತೋ ಇಲ್ಲವೋ, ಕಿಟಕಿಯ ಕಂಬಿಗೆ ಕೊಡೆಯಿಂದ ಟಣ್ ಟಣ್ ಎಂದು ಬಡಿತ.

“ಸತು!”

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಮಾವ್ಶಿ ಕೊಡೆ ಮಡಚಿಕೊಂಡು ಮನೆಗೆ ಹೋದರು. ಪರೀಕ್ಷೆಯವರೆಗೆ ಶಾಲೆಯಿದ್ದ ಒಂದು ದಿನವೂ ಅವರು ತಪ್ಪಿಸಲಿಲ್ಲ. ನಾಚಿಕೆಯಿಂದ ಸಾಯುವಂತಾಗುತ್ತಿತ್ತು, ಆದರೆ ಅವರು ಕಾಣುವವರೆಗೆ ಕಿಟಕಿಯಿಂದ ಕಣ್ಣು ತೆಗೆಯುತ್ತಿರಲಿಲ್ಲ.

ಕೊನೆಯ ಪರೀಕ್ಷೆಯಲ್ಲೂ ಅದೇ ಪ್ರಶ್ನೆ. ಅಲ್ಯೂಮಿನಿಯಂ ಎಂದು ಬರೆದದ್ದೇ ತಡ, ಟಣ್ ಟಣ್ ಕೇಳಿದಂತಾಗಿ ಬೆನ್ನು ತಾನಾಗಿ ನೆಟ್ಟಗಾಯಿತು.