ನನ್ನ ಸುಳ್ಳನ್ನು ತಾಯಿ ಬಚ್ಚಿಡಲಿಲ್ಲ

2016ರ ಜೂನ್ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ, ಆಸ್ಟಿನ್ ಕಡೆಯಿಂದ ಡಾಲಸ್‌ಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ, ನನ್ನ ಹದಿನಾಲ್ಕು ವರ್ಷದ ಮಗಳು ಮೇಘನಾ ಎಷ್ಟು ಎಬ್ಬಿಸಿದರೂ ಏಳಲಿಲ್ಲ. ಅದಕ್ಕೆ ಕಾರಣ ನಾನು. ಆಮೇಲೆ ನಡೆದದ್ದರಲ್ಲಿ ತಾಯಿ ಬನಶಂಕರಿಯ ಕೈ ಇತ್ತು. ಅವಳನ್ನು ನಂಬಿದ ನಿಮ್ಮೆಲ್ಲರ ಮುಂದೆ ಎರಡನ್ನೂ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ನನ್ನ ತಪ್ಪನ್ನು ಬಿಟ್ಟು ಅವಳ ಕೃಪೆಯನ್ನಷ್ಟೇ ಹೇಳಿದರೆ ಅದು ಭಕ್ತಿಯಾಗುವುದಿಲ್ಲ.

ನಮ್ಮದು ಹುಬ್ಬಳ್ಳಿ. ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಗೆ ಬಂದು ಆಗಲೇ ಹದಿನಾರು ವರ್ಷವಾಗಿತ್ತು. ನಾನು ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಸುರಕ್ಷತೆ ನೋಡಿಕೊಳ್ಳುವ ಎಂಜಿನಿಯರ್. ಎಲ್ಲಿ ಗ್ಯಾಸ್ ಸೋರುತ್ತಿದೆ, ಯಾವ ಅಲಾರಂ ಕೆಟ್ಟಿದೆ ಎಂದು ಹುಡುಕುವುದೇ ನನ್ನ ಕೆಲಸ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಕ್ಕು ನನಗಿಲ್ಲ.

ಆ ವರ್ಷ ಮೇಘನಾ ಎಂಟನೇ ತರಗತಿ ಮುಗಿಸಿದ್ದಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಒಂದೇ ಮಾತಲ್ಲಿ ಉತ್ತರ ಕೊಟ್ಟು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಇನ್ನು ನಾಲ್ಕು ವರ್ಷಕ್ಕೆ ಕಾಲೇಜು, ಆಮೇಲೆ ಈ ಹುಡುಗಿ ನಮ್ಮ ಕೈಗೆ ಸಿಗುವುದಿಲ್ಲ ಎಂಬ ಹೆದರಿಕೆ ನನ್ನನ್ನು ಹಿಡಿದಿತ್ತು. ನಮ್ಮ ಬೀದಿಯ ನಿವೃತ್ತ ಅಜ್ಜನೊಬ್ಬ ತನ್ನ ಹಳೆಯ ಮೋಟರ್‌ಹೋಮ್ ಮಾರುತ್ತಿದ್ದ. ಒಳಗೇ ಅಡುಗೆಮನೆ, ಹಿಂದುಗಡೆ ಹಾಸಿಗೆ, ಸಣ್ಣ ಬಚ್ಚಲು. ಹೆಚ್ಚು ಕಡಿಮೆ ಮೇಘನಾಳಿಗಿಂತ ಎಂಟು ವರ್ಷ ದೊಡ್ಡ ಗಾಡಿ. ಹೆಂಡತಿ ಸುನಂದಾಳನ್ನು ಕೇಳದೆಯೇ ಕೊಂಡು ತಂದೆ. ಮನೆ ಮುಂದೆ ತಂದು ನಿಲ್ಲಿಸಿದಾಗ ಅವಳು ಒಮ್ಮೆ ಸುತ್ತು ಹಾಕಿ ನೋಡಿ, "ಇದು ನಮ್ಮನ್ನ ಕರ್ಕೊಂಡ್ ಹೊಕ್ಕೈತೋ, ನಾವ್ ಇದನ್ನ ಕರ್ಕೊಂಡ್ ಹೋಗ್ಬೇಕೋ?" ಎಂದಳು. ಐದು ವಾರ, ಆಸ್ಟಿನ್, ಡಾಲಸ್, ಅಲ್ಲಿಂದ ಕೊಲರಾಡೊ ಬೆಟ್ಟಗಳು ಎಂದು ನಾನು ಆಗಲೇ ನಕ್ಷೆ ಬರೆದಿಟ್ಟಿದ್ದೆ.

ಗಾಡಿಯ ಮುಂಭಾಗದ ಎ.ಸಿ. ಕೆಟ್ಟಿತ್ತು. ರಿಪೇರಿಗೆ ಹತ್ತು ದಿನ ಬೇಕು ಎಂದರು. ನನಗೆ ಕಾಯುವ ತಾಳ್ಮೆ ಇರಲಿಲ್ಲ. ಗಾಡಿಯ ಚಾವಣಿಯ ಮೇಲೆ ಇನ್ನೊಂದು ಎ.ಸಿ. ಇತ್ತು, ಅದು ಹಿಂಭಾಗದ ಹಾಸಿಗೆಯನ್ನು ತಂಪಾಗಿಡುತ್ತಿತ್ತು. ಅದಕ್ಕೆ ಕರೆಂಟು ಬರುವುದು ಗಾಡಿಯ ಹೊಟ್ಟೆಯ ಕೆಳಗಿರುವ ಪೆಟ್ರೋಲ್ ಜನರೇಟರಿನಿಂದ. ಗಾಡಿ ಓಡುವಾಗಲೂ ಜನರೇಟರ್ ಹಾಕಿಕೊಂಡರಾಯಿತು, ಮಗಳು ಹಿಂದೆ ಆರಾಮಾಗಿ ಮಲಗಲಿ, ನಾವಿಬ್ಬರೂ ಮುಂದೆ ಕಿಟಕಿ ತೆಗೆದುಕೊಂಡು ಕೂತರಾಯಿತು ಎಂದು ತೀರ್ಮಾನಿಸಿದೆ.

ಗುರುವಾರ ಹೊರಟೆವು. ಆಸ್ಟಿನ್ ತಲುಪುವ ಹೊತ್ತಿಗೆ ಮೇಘನಾ ತಲೆನೋವು ಎಂದಳು. ಗಾಡಿಯ ಕುಲುಕಾಟಕ್ಕೆ ಇರಬೇಕು ಎಂದುಕೊಂಡೆವು. ಕೆಳಗಿಳಿದು ಅರ್ಧ ತಾಸು ಓಡಾಡಿದ ಮೇಲೆ ಸರಿಹೋಯಿತು. ಆ ದಿನ ಹಿಂದಿನ ಗೋಡೆಯ ಮೇಲಿದ್ದ ಪುಟ್ಟ ಅಲಾರಂ ಎರಡು ಸಲ ಕೂಗಿತ್ತು. ಅದು ವಾಸನೆಯಿಲ್ಲದ ವಿಷಗಾಳಿ, ಕಾರ್ಬನ್ ಮೊನಾಕ್ಸೈಡ್, ಒಳಗೆ ಬಂದರೆ ಕೂಗುವ ಅಲಾರಂ. ತೆಗೆದು ನೋಡಿದೆ. ಅದರ ಬೆನ್ನ ಮೇಲೆ ಬರೆದ ಅವಧಿ ಮುಗಿದು ವರ್ಷಗಳಾಗಿದ್ದವು. ಹಳೆಯದಾದ್ದರಿಂದ ಸುಮ್ಮನೆ ಕೂಗುತ್ತಿದೆ, ಡಾಲಸ್‌ನಲ್ಲಿ ಹೊಸದು ಕೊಂಡರಾಯಿತು ಎಂದೆ. ನನ್ನ ಕಾರ್ಖಾನೆಯಲ್ಲಿ ಯಾರಾದರೂ ಹೀಗೆ ಮಾತಾಡಿದ್ದರೆ ಅವನನ್ನು ಅಲ್ಲಿಂದಲೇ ಮನೆಗೆ ಕಳಿಸುತ್ತಿದ್ದೆ.

ಅಂದು ರಾತ್ರಿ ಆಸ್ಟಿನ್ ಪಕ್ಕದ ಜಾರ್ಜ್‌ಟೌನ್‌ನ ಗೆಳೆಯರ ಮನೆಯಲ್ಲಿ ಉಳಿದು, ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಹೊರಟೆವು. ಸಂಜೆಗೆ ಡಾಲಸ್ ಪಕ್ಕದ ಫ್ರಿಸ್ಕೋದಲ್ಲಿ ಸುನಂದಾಳ ಅಕ್ಕನ ಮನೆ ಸೇರಬೇಕಿತ್ತು. ಹೊರಡುವ ಮೊದಲು, ದಾರಿಯುದ್ದಕ್ಕೂ ಅದರ ಕಿರುಚಾಟ ಬೇಡವೆಂದು ಅಲಾರಮ್ಮಿನ ಬ್ಯಾಟರಿ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡೆ. ಅಲಾರಂ ಮಾತ್ರ ಗೋಡೆಯ ಮೇಲೆ ಹಾಗೇ ಇತ್ತು.

ನಡುದಾರಿಯ ವೇಕೋ ಊರು ದಾಟಿದ ಮೇಲೆ ಮುಂದೆಲ್ಲೋ ಟ್ರಕ್ಕು ಮಗುಚಿ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಒಂದು ತಾಸು ಇಂಚಿಂಚೇ ಸರಿದೆವು. ಹೊರಗೆ ಬೆಂಕಿಯಂಥ ಬಿಸಿಲು. ಮೇಘನಾ ಒಮ್ಮೆ ಹಿಂದಿನಿಂದ, "ಮೈ ಹೆಡ್ ಈಸ್ ಕಿಲ್ಲಿಂಗ್ ಮೀ, ಅಮ್ಮಾ" ಎಂದಳು. ಸುನಂದಾ ಎದ್ದು ಹೋಗಿ ಒಂದು ಗುಳಿಗೆ, ಮೊಸರನ್ನದ ಡಬ್ಬಿ ಕೊಟ್ಟು ಬಂದಳು. "ಮಲ್ಕೋ ಅಂದೀನಿ" ಎಂದು ಬಂದು ಕೂತಳು. ಮಲ್ಕೋ ಎಂದ ಆ ಮಾತನ್ನು ನೆನೆದು ಅವಳು ಇವತ್ತಿಗೂ ಕಣ್ಣೀರಿಡುತ್ತಾಳೆ.

ಒಂದೂಮುಕ್ಕಾಲಿಗೆ ಪೆಟ್ರೋಲ್ ಹಾಕಿಸಲು ನಿಲ್ಲಿಸಿ, ಎಂಜಿನ್ನೂ ಜನರೇಟರೂ ಆರಿಸಿದೆ. ಸುನಂದಾ ಹಿಂದೆ ಹೋದಳು. ಅವಳ ಕೂಗು ಕೇಳಿ ಓಡಿದೆ. ಮೇಘನಾ ಹಾಸಿಗೆಯ ಅಂಚಿಗೆ ವಾಲಿದ್ದಳು. ದಿಂಬಿನ ಮೇಲೆ ವಾಂತಿ. ಕಣ್ಣು ಅರೆ ತೆರೆದಿತ್ತು, ಆದರೆ ನೋಟವಿರಲಿಲ್ಲ. ಕೆನ್ನೆ ತಟ್ಟಿದರೆ ಒಂದು ಸಣ್ಣ ನರಳಿಕೆ, ಅಷ್ಟೇ. ಇಬ್ಬರೂ ಹೊತ್ತುಕೊಂಡು ಹೊರಗಿನ ನೆರಳಿಗೆ ತಂದೆವು.

ಫೋನ್ ಮಾಡಿದ ಹದಿನೈದು ನಿಮಿಷದಲ್ಲಿ ಆಂಬುಲೆನ್ಸ್ ಬಂತು. ಅದರಲ್ಲಿದ್ದ ಹೆಂಗಸು ಮಗಳಿಗೆ ಆಕ್ಸಿಜನ್ ಮಾಸ್ಕ್ ಹಾಕುತ್ತಲೇ ನನ್ನನ್ನು ಕೇಳಿದಳು: "ಒಳಗೆ ಜನರೇಟರ್ ನಡೀತಿದೆಯಾ?"

"ಇಲ್ಲ" ಎಂದೆ. ಆ ಕ್ಷಣಕ್ಕೆ ಅದು ನಿಜ.

"ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯಾ?"

"ಇದೆ."

"ಕೂಗಿತಾ?"

"ಇಲ್ಲ."

ಮೂರು ಉತ್ತರ. ಒಂದೂ ಪೂರ್ತಿ ಸುಳ್ಳಲ್ಲ, ಮೂರೂ ಸೇರಿದರೆ ಪೂರ್ತಿ ಸುಳ್ಳು. ಯಾಕೆ ಹಾಗೆಂದೆ? ಆಂಬುಲೆನ್ಸಿನ ಹಿಂದೆಯೇ ಬಂದ ಪೊಲೀಸ್ ಅಧಿಕಾರಿ ಪಕ್ಕದಲ್ಲಿ ನಿಂತಿದ್ದ. ಸುನಂದಾ ನನ್ನ ಮುಖ ನೋಡುತ್ತಿದ್ದಳು. ಮಗಳನ್ನು ನಾನೇ ಹೀಗೆ ಮಾಡಿದೆ ಎಂದು ಅವರೆದುರು ಹೇಳಲಾಗಲಿಲ್ಲ. ಬಿಸಿಲಿಗೇ ಆಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಹತ್ತಿರದ ಊರಿನ ಸಣ್ಣ ಆಸ್ಪತ್ರೆಗೆ ಒಯ್ದರು. ಬೆರಳಿಗೆ ಸಿಕ್ಕಿಸಿದ ಕ್ಲಿಪ್ ಆಕ್ಸಿಜನ್ ತೊಂಬತ್ತೊಂಬತ್ತು ಎಂದು ತೋರಿಸುತ್ತಿತ್ತು. ಅದನ್ನು ನೋಡಿ ಮಾಸ್ಕ್ ತೆಗೆದರು. ರಕ್ತದಲ್ಲಿ ಆ ವಿಷಗಾಳಿ ತುಂಬಿದ್ದರೂ ಕ್ಲಿಪ್ಪಿಗೆ ವ್ಯತ್ಯಾಸ ತಿಳಿಯುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಮೇಲೆ. ಡಾಕ್ಟರು ವಯಸ್ಸಾದವರು, ಮೆದು ಮಾತಿನವರು. ಬಿಸಿಲಿನ ಹೊಡೆತ ಎಂದು ಸಲೈನ್ ಹಚ್ಚಿದರು. ಆದರೆ ಅವರಿಗೇ ಸಮಾಧಾನವಿರಲಿಲ್ಲ. "ಜ್ವರ ಅಷ್ಟೊಂದಿಲ್ಲ. ಲೆಕ್ಕ ಸರಿಹೋಗ್ತಿಲ್ಲ" ಎಂದು ತಲೆಯ ಸ್ಕ್ಯಾನ್‌ಗೆ ಕಳಿಸಿದರು. ಏನಾದರೂ ಮಾದಕ ವಸ್ತು ತೆಗೆದುಕೊಳ್ಳುತ್ತಾಳಾ ಎಂದೂ ಕೇಳಿದರು. ನನ್ನ ಮಗಳ ಮೇಲೆ ಅಂಥ ಮಾತು ಬಂದಾಗಲೂ ನಾನು ಬಾಯಿ ಬಿಡಲಿಲ್ಲ.

ನಾಲ್ಕು ಗಂಟೆಯಾಯಿತು. ಮೇಘನಾಳ ಕೈಕಾಲು ಒಮ್ಮೊಮ್ಮೆ ಸೆಟೆದುಕೊಳ್ಳುತ್ತಿದ್ದವು. ಶುಕ್ರವಾರವಾದ್ದರಿಂದ ಸುನಂದಾ ಉಪವಾಸವಿದ್ದಳು. ತಲೆ ಹಿಡಿದುಕೊಂಡು ಗೋಡೆಗೊರಗಿ ಕೂತು, ತುಟಿಯಲ್ಲೇ ತಾಯಿಯ ಹೆಸರು ಹೇಳುತ್ತಿದ್ದಳು. ನಾನೂ ಕಣ್ಣು ಮುಚ್ಚಿದೆ. ನನ್ನ ಪ್ರಾರ್ಥನೆ ಹೇಗಿತ್ತೆಂದು ನಾಚಿಕೆ ಬಿಟ್ಟು ಬರೆಯುತ್ತೇನೆ: "ತಾಯಿ, ನನ್ನ ಮಗಳನ್ನ ಉಳಿಸಿಕೊಡು. ನಾ ಮಾಡಿದ್ದು ಯಾರಿಗೂ ತಿಳಿಯದ ಹಾಂಗ ಮಾಡು." ಒಂದೇ ಉಸಿರಿನಲ್ಲಿ ಎರಡನ್ನೂ ಕೇಳಿದೆ.

ಬಾದಾಮಿಯ ತಾಯಿಯ ಗುಡಿಯಿಂದ ನನ್ನ ಅವ್ವ ತಂದು ಕಳಿಸಿದ ಕುಂಕುಮದ ಪೊಟ್ಟಣ ಯಾವಾಗಲೂ ನನ್ನ ಜೇಬಿನಲ್ಲಿರುತ್ತದೆ. ಮಗಳ ಹಣೆಗೆ ಹಚ್ಚೋಣವೆಂದು ಎದ್ದು ಮಂಚದ ಬಳಿ ಹೋಗಿ ಜೇಬಿಗೆ ಕೈ ಹಾಕಿದೆ. ಪೊಟ್ಟಣ ಎಳೆದರೆ ಅದರ ಜೊತೆಗೇ ಆ ಚೌಕದ ಬ್ಯಾಟರಿಯೂ ಬಂದು ನೆಲಕ್ಕೆ ಬಿತ್ತು. ಪೊಟ್ಟಣ ಬಿಚ್ಚಿಕೊಂಡು ಕುಂಕುಮವೆಲ್ಲ ಅದಕ್ಕೆ ಮೆತ್ತಿತ್ತು.

ಸುನಂದಾ ಬಗ್ಗಿ ಎತ್ತಿಕೊಂಡಳು. "ಏನ್ರಿ ಇದು?"

ಇಸಿದುಕೊಳ್ಳಲು ಕೈ ಚಾಚಿದೆ. ಅವಳು ಕೊಡಲಿಲ್ಲ.

"ಇದು ಎಲ್ಲೀದು ಹೇಳ್ರಿ."

"ಅಲಾರಮ್ಮಿಂದು" ಎಂದೆ. "ಮುಂಜಾನೆ ನಾನ ತಗದಿದ್ದೆ."

ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಬ್ಯಾಟರಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ಹೋಗ್ರಿ. ಡಾಕ್ಟರಿಗೆ ಹೇಳ್ರಿ. ನಿಮ್ಮನ್ನ ಜೇಲಿಗೆ ಹಾಕಿದ್ರೂ ಚಿಂತಿಲ್ಲ, ಈಗಿಂದೀಗ ಹೇಳ್ರಿ."

ಓಡಿದೆ. ಜನರೇಟರ್ ಮೂರು ತಾಸು ನಡೆದಿತ್ತು, ಮಗಳು ಅದರ ಮೇಲೇ ಮಲಗಿದ್ದಳು, ಅಲಾರಂ ಕೂಗಿತ್ತು, ನಾನು ಬ್ಯಾಟರಿ ತೆಗೆದೆ, ಆಂಬುಲೆನ್ಸಿನವರಿಗೆ ಸುಳ್ಳು ಹೇಳಿದೆ ಎಂದು ಎಲ್ಲ ಒಪ್ಪಿಸಿದೆ. ಡಾಕ್ಟರು ಬೈಯಲಿಲ್ಲ. ನಾನು ಮುಗಿಸುವ ಮೊದಲೇ ತಿರುಗಿ ನರ್ಸನ್ನು ಕೂಗಿದರು. ಮಾಸ್ಕ್ ಮತ್ತೆ ಏರಿತು, ಈ ಸಲ ಪೂರ್ತಿ ವೇಗದಲ್ಲಿ. ಬೇರೆ ರಕ್ತ ಪರೀಕ್ಷೆ ಮಾಡಿದರು. ಹೊರಬಂದಾಗ ಅವರ ಮುಖ ಬಿಳಿಚಿತ್ತು. ಇಷ್ಟು ಹೊತ್ತಾದ ಮೇಲೂ ರಕ್ತದಲ್ಲಿ ವಿಷ ಬಹಳ ಉಳಿದಿದೆ, ಹೆಚ್ಚಿನ ಒತ್ತಡದಲ್ಲಿ ಆಕ್ಸಿಜನ್ ಕೊಡುವ ಕೋಣೆ ಡಾಲಸ್‌ನ ದೊಡ್ಡ ಆಸ್ಪತ್ರೆಯಲ್ಲಿದೆ, ಹೆಲಿಕಾಪ್ಟರ್ ಕರೆಸಿದ್ದೇನೆ ಎಂದರು. "ಸಂಜೆವರೆಗೂ ಸಲೈನ್ ಕೊಟ್ಟು ಕಾಯೋಣ ಅಂತಿದ್ದೆ. ಕಾದಿದ್ದರೆ ಉಳೀತಿರಲಿಲ್ಲ."

ಸುನಂದಾಳ ರಕ್ತದಲ್ಲೂ ಸ್ವಲ್ಪ ವಿಷ ಸೇರಿತ್ತು. ಅವಳನ್ನು ಆಂಬುಲೆನ್ಸಿನಲ್ಲಿ ಡಾಲಸ್‌ಗೆ ಕಳಿಸಿದರು, ಅದರಲ್ಲೇ ನಾನೂ ಹೋದೆ.

ಆ ಕೋಣೆ ಉದ್ದನೆಯ ಗಾಜಿನ ಕೊಳವೆಯ ಹಾಗಿತ್ತು. ಮೂರು ಸಲ ಮೇಘನಾಳನ್ನು ಅದರೊಳಗೆ ಮಲಗಿಸಿದರು. ಮೂರನೆಯ ದಿನ ಕಣ್ಣು ಬಿಟ್ಟಳು. ಸುನಂದಾಳನ್ನು ಗುರುತಿಸಿದಳು. ನನ್ನನ್ನು ನೋಡಿ, ಯಾರೋ ಪರಿಚಯದವರನ್ನು ನೆನಪಿಸಿಕೊಳ್ಳುವಂತೆ ಹುಬ್ಬು ಗಂಟಿಕ್ಕಿ, ಬಹಳ ಹೊತ್ತಿನ ಮೇಲೆ "ಅಪ್ಪಾ" ಎಂದಳು.

ಪೊಲೀಸರು ಬಂದರು. ಮಕ್ಕಳ ರಕ್ಷಣೆಯ ಇಲಾಖೆಯ ಹೆಂಗಸು ತಿಂಗಳುಗಟ್ಟಲೆ ಮನೆಗೆ ಬಂದು ಹೋದಳು. ಕೇಳಿದ್ದಕ್ಕೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿದೆ. ಕೊನೆಗೆ ಮೊಕದ್ದಮೆ ಹಾಕಲಿಲ್ಲ. ಗಾಡಿಯನ್ನು ಪರೀಕ್ಷಿಸಿದಾಗ ಜನರೇಟರಿನ ಹೊಗೆ ಕೊಳವೆ ಮಗಳ ಹಾಸಿಗೆಯ ನೇರ ಕೆಳಗೆ ತುಕ್ಕು ಹಿಡಿದು ಒಡೆದಿತ್ತಂತೆ. ನಾವು ಮುಂದೆ ಕಿಟಕಿ ತೆಗೆದು ಗಾಳಿ ಕುಡಿಯುತ್ತಿದ್ದಾಗ ಅದೇ ಗಾಳಿ ಹೊಗೆಯನ್ನು ಹಿಂದಿನಿಂದ ಒಳಕ್ಕೆ ಎಳೆಯುತ್ತಿತ್ತು. ಗಾಡಿಯನ್ನು ಗುಜರಿಗೆ ಕೊಟ್ಟೆ. ಸುನಂದಾ ನನ್ನೊಡನೆ ಮೊದಲಿನಂತೆ ಮಾತಾಡಲು ಹತ್ತಿರ ಹತ್ತಿರ ಒಂದು ವರ್ಷ ಬೇಕಾಯಿತು.

ನಾನು ಮುಚ್ಚಿಟ್ಟ ಆ ಎರಡು ತಾಸು ನನ್ನ ಜೊತೆಗೇ ಇರುತ್ತದೆ. ಮೊದಲೇ ಹೇಳಿದ್ದರೆ ಏನಾಗುತ್ತಿತ್ತು ಎಂದು ಡಾಲಸ್‌ನ ಡಾಕ್ಟರನ್ನು ಕೇಳಿದೆ. "ಯಾರೂ ಹೇಳಲಾರರು" ಎಂದರು. ಆದರೆ ತಾಯಿ ಮಾಡಿದ್ದು ನನಗೆ ಸ್ಪಷ್ಟವಾಗಿದೆ. ನಾನು ಕೇಳಿದ ಎರಡರಲ್ಲಿ ಒಂದನ್ನು ಕೊಡಬೇಕಾದರೆ ಇನ್ನೊಂದನ್ನು ನಿರಾಕರಿಸಲೇಬೇಕಿತ್ತು. ನನ್ನ ಮಾನ ತೆಗೆದು ಮಗಳ ಪ್ರಾಣ ಉಳಿಸಿದಳು. ಅವತ್ತಿನವರೆಗೆ ನಾನು ಅವಳನ್ನು ಬೇಡಿದ್ದನ್ನು ಕೊಡುವವಳು ಎಂದುಕೊಂಡಿದ್ದೆ. ಬೇಡಬಾರದ್ದನ್ನು ಕೊಡದಿರುವುದೂ ಕೃಪೆಯೇ ಎಂದು ಈಗ ನಂಬಿದ್ದೇನೆ. ಬೆಳಿಗ್ಗೆ ದೀಪ ಹಚ್ಚಿ ಒಂದೇ ಕೇಳುತ್ತೇನೆ: ನಿಜ ಹೇಳುವ ಹೊತ್ತಿಗೆ ನನ್ನ ನಾಲಿಗೆ ಹಿಡಿಯದಿರಲಿ.

ಇದು ನಡೆದು ಈಗ ಮೂರು ವರ್ಷ. ಬರೆದದ್ದನ್ನು ಕಳೆದ ವಾರ ಮೇಘನಾಳಿಗೆ ಓದಿ ಹೇಳಿದೆ. ಮೊದಲು ಕೊನೆಯಲ್ಲಿ "ತಾಯಿಯ ದಯೆಯಿಂದ ಮಗಳು ಪೂರ್ತಿ ಗುಣವಾದಳು" ಎಂದು ಬರೆದಿದ್ದೆ. ಅವಳು ಕೇಳಿಸಿಕೊಂಡು, ನಡುಗುವ ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡು ಹೇಳಿದಳು: "ಡೋಂಟ್ ರೈಟ್ ದಟ್, ಅಪ್ಪಾ. ಇಟ್ಸ್ ನಾಟ್ ಟ್ರೂ."

ಅವಳು ಹೇಳಿದ್ದು ಸರಿ. ಬೆಳಿಗ್ಗೆ ಓದಿದ್ದು ಮಧ್ಯಾಹ್ನಕ್ಕೆ ಅವಳಿಗೆ ನೆನಪಿರುವುದಿಲ್ಲ. ಚಿಕ್ಕಂದಿನಿಂದ ನುಡಿಸುತ್ತಿದ್ದ ಪಿಟೀಲು ಬಿಟ್ಟಳು. ಶಾಲೆಯಲ್ಲಿ ಒಂದು ವರ್ಷ ಹಿಂದೆ ಬಿದ್ದಳು. ಕೆಲವು ದಿನ ಕಾರಣವಿಲ್ಲದೆ ಅಳುತ್ತಾಳೆ. ಆದರೆ ಇದ್ದಾಳೆ. ಊಟಕ್ಕೆ ಕರೆದರೆ ಬರುತ್ತಾಳೆ. ಆ ಸಾಲನ್ನು ಅವಳ ಎದುರಿಗೇ ಹೊಡೆದು ಹಾಕಿದೆ. "ಹಾಂಗಾದ್ರ ಏನಂತ ಬರೀಲಿ?" ಎಂದು ಕೇಳಿದೆ.

ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿಕೊಂಡು ಹೇಳಿದಳು: "ನಾನು ಇನ್ನೂ ಇದ್ದೀನಿ ಅಂತ ಬರಿ."

ಬರೆದಿದ್ದೇನೆ, ತಾಯಿ. ಅವಳು ಇದ್ದಾಳೆ.